ಕೂಡದ ಇಟ್ಟಿಗೆಗಳು

ಗೆದ್ದವರ ಚರಿತ್ರೆಯನ್ನು ಬರೆಯಲು ಜನರುಂಟು. ಸೋತ ಪ್ರಯತ್ನಗಳ ಲೆಕ್ಕವಿಡುವವರು ವಿರಳ. ಅರಸರ ವಿಷಯದಲ್ಲಿ ಈ ಮಾತು ಎಷ್ಟು ನಿಜವೋ ವ್ಯಾಪಾರದ ವಿಷಯದಲ್ಲಿಯೂ ಅಷ್ಟೇ ನಿಜ. ಕೊಳ್ಳುವವರಿಲ್ಲದೆ ಅಂಗಡಿಯ ಕಪಾಟಿನಿಂದ ಇಳಿದುಹೋದ ಸರಕಿಗೆ ಯಾರೂ ವೀರಗಲ್ಲು ನೆಡುವುದಿಲ್ಲ. ಆದುದರಿಂದಲೇ 2023ರ ಸೆಪ್ಟೆಂಬರ್ ತಿಂಗಳಲ್ಲಿ ಡೆನ್ಮಾರ್ಕಿನ ಲೆಗೊ ಸಂಸ್ಥೆಯಿಂದ ಬಂದ ಒಂದು ಹೇಳಿಕೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿತು. ಬಳಸಿ ಬಿಸುಟ ನೀರಿನ ಬಾಟಲಿಗಳ ಪ್ಲಾಸ್ಟಿಕ್ಕಿನಿಂದ ಮಕ್ಕಳ ಆಟದ ಇಟ್ಟಿಗೆಗಳನ್ನು ತಯಾರಿಸುವ ಪ್ರಯೋಗವನ್ನು ಕೈಬಿಟ್ಟಿದ್ದೇವೆ ಎಂಬುದೇ ಆ ಹೇಳಿಕೆ. ಎರಡು ವರ್ಷಗಳ ಹಿಂದೆ, 2021ರಲ್ಲಿ, ಅದೇ ಪ್ರಯೋಗದ ಮೊದಲ ಮಾದರಿಯನ್ನು ಲೋಕಕ್ಕೆ ತೋರಿಸಿ ಮೆಚ್ಚುಗೆ ಪಡೆದಿದ್ದ ಸಂಸ್ಥೆ ಇದು ಸಾಗದ ದಾರಿಯೆಂದು ತಾನಾಗಿಯೇ ಒಪ್ಪಿಕೊಂಡಿತು.

ಕಾಲೇಜಿನಲ್ಲಿ ಕನ್ನಡ ವ್ಯಾಕರಣವನ್ನೂ ಹಳಗನ್ನಡ ಕಾವ್ಯವನ್ನೂ ಬೋಧಿಸುವವನಿಗೆ ಆಟದ ಸಾಮಾನಿನ ಗೊಡವೆ ಏಕೆಂದು ವಾಚಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಲೆಗೊ ಇಟ್ಟಿಗೆ ನನಗೆ ಮೊದಲಿನಿಂದಲೂ ಆಟಿಕೆಗಿಂತ ಹೆಚ್ಚಾಗಿ ಒಂದು ಭಾಷೆಯಂತೆ ಕಂಡಿದೆ. ಅದಕ್ಕೆ ಅಕ್ಷರವುಂಟು, ಸಂಧಿಯುಂಟು, ಸಮಾಸವುಂಟು. ಆ ಸಂಸ್ಥೆ ಮಾಡಿ ಸೋತ ವಿಚಿತ್ರ ಪ್ರಯೋಗಗಳನ್ನು ಸಾಲಾಗಿ ಇಟ್ಟು ನೋಡಿದರೆ, ಯಾವ ಹೊಸತು ಒಂದು ಪರಂಪರೆಗೆ ಒಗ್ಗುತ್ತದೆ, ಯಾವುದು ಒಗ್ಗದೆ ಉದುರುತ್ತದೆ ಎಂಬ ಹಳೆಯ ಪ್ರಶ್ನೆಗೆ ಉತ್ತರದ ಒಂದಂಶವಾದರೂ ದೊರೆಯುತ್ತದೆಂದು ನನ್ನ ನಂಬಿಕೆ.

ಈ ಸಂಸ್ಥೆಯ ಮೂಲಪುರುಷ ಬಿಲುಂಡ್ ಎಂಬ ಊರಿನ ಬಡಗಿ, ಓಲೆ ಕಿರ್ಕ್ ಕ್ರಿಸ್ಟಿಯಾನ್‌ಸೆನ್. ಜಗತ್ತನ್ನೆಲ್ಲ ಆರ್ಥಿಕ ಮುಗ್ಗಟ್ಟು ಕಾಡುತ್ತಿದ್ದ ಕಾಲದಲ್ಲಿ ಮನೆ ಕಟ್ಟುವ ಕೆಲಸ ಕುಂದಿ, 1932ರಲ್ಲಿ ಆತ ಮರದ ಆಟಿಕೆಗಳನ್ನು ಮಾಡತೊಡಗಿದ. ‘ಚೆನ್ನಾಗಿ ಆಡು’ ಎಂಬ ಅರ್ಥ ಕೊಡುವ ಎರಡು ಡೇನಿಷ್ ಪದಗಳ ಮೊದಲಕ್ಷರಗಳನ್ನು ಕೂಡಿಸಿ ‘ಲೆಗೊ’ ಎಂಬ ಹೆಸರನ್ನು ಕಟ್ಟಿದ. ಎರಡನೆಯ ಮಹಾಯುದ್ಧ ಮುಗಿದ ತರುಣದಲ್ಲಿ, 1946ರಲ್ಲಿ, ಪ್ಲಾಸ್ಟಿಕ್ಕನ್ನು ಕರಗಿಸಿ ಅಚ್ಚಿನೊಳಕ್ಕೆ ಒತ್ತುವ ಯಂತ್ರವೊಂದನ್ನು ಕೊಂಡ. ಇಂಗ್ಲೆಂಡಿನ ಹಿಲರಿ ಪೇಜ್ ಎಂಬಾತ ಅದಕ್ಕೂ ಮೊದಲೇ ಮಾಡಿದ್ದ ಆಟದ ಇಟ್ಟಿಗೆಯ ಮಾದರಿಯನ್ನು ಅನುಸರಿಸಿ 1949ರಲ್ಲಿ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಹೊರತಂದ. ಅವುಗಳಿಗೆ ಮೊದಲಿನಲ್ಲಿ ಹೇಳಿಕೊಳ್ಳುವಂತಹ ಗಿರಾಕಿಯಿರಲಿಲ್ಲ. ಒಳಗೆ ಪೊಳ್ಳಾಗಿದ್ದ ಆ ಇಟ್ಟಿಗೆಗಳು ಒಂದರ ಮೇಲೊಂದು ಕೂರುತ್ತಿದ್ದವೇ ಹೊರತು ಒಂದನ್ನೊಂದು ಬಿಗಿಯಾಗಿ ಹಿಡಿಯುತ್ತಿರಲಿಲ್ಲ.

ಈ ಕೊರತೆಯನ್ನು ನೀಗಿದವನು ಅವನ ಮಗ ಗೋಟ್‌ಫ್ರೆಡ್. ಇಟ್ಟಿಗೆಯ ಒಡಲಿನಲ್ಲಿ ಸಣ್ಣ ಕೊಳವೆಗಳನ್ನು ಇರಿಸಿ, ಕೆಳಗಿನ ಇಟ್ಟಿಗೆಯ ತಲೆಯ ಮೇಲಿನ ಗುಬುಟುಗಳು ಆ ಕೊಳವೆಗಳಿಗೂ ಗೋಡೆಗೂ ನಡುವೆ ಸಿಕ್ಕಿ ಬಿಗಿಯುವಂತೆ ಮಾಡಿದ ಉಪಾಯಕ್ಕೆ 1958ರ ಜನವರಿ 28ರಂದು ಹಕ್ಕುಪತ್ರದ ಅರ್ಜಿ ಹಾಕಲಾಯಿತು. 1960ರಲ್ಲಿ ಮರದ ಆಟಿಕೆಗಳ ಉಗ್ರಾಣ ಬೆಂಕಿಗೆ ಆಹುತಿಯಾದಾಗ ಸಂಸ್ಥೆ ಮರದ ಕೆಲಸವನ್ನೇ ನಿಲ್ಲಿಸಿಬಿಟ್ಟಿತು. ಮೊದಲಿನ ಪ್ಲಾಸ್ಟಿಕ್ ಕಾಲಕ್ರಮದಲ್ಲಿ ಸೊಟ್ಟಗಾಗುತ್ತಿದ್ದ ಕಾರಣ 1963ರಿಂದ ಎ.ಬಿ.ಎಸ್. ಎಂಬ ಗಟ್ಟಿಯಾದ ಜಾತಿಯನ್ನು ಬಳಕೆಗೆ ತಂದರು. ಇಂದು ನಾವು ಕಾಣುವ ಲೆಗೊ ಇಟ್ಟಿಗೆ ಹೀಗೆ ಒಂದು ಅರೆಸೋಲಿನ ಮೇಲೆ ಇನ್ನೊಂದು ಪ್ರಯೋಗವನ್ನು ಪೇರಿಸಿದ್ದರ ಫಲ. ಪ್ರಯೋಗವೇ ಬೇಡವೆಂದು ಹಟ ಹಿಡಿದಿದ್ದರೆ ಆ ಬಡಗಿಯ ಮನೆತನ ಇಂದಿಗೂ ಮರದ ಬಾತುಕೋಳಿಗಳನ್ನೇ ಕೆತ್ತುತ್ತಿತ್ತು. ಅಥವಾ ಕೆತ್ತಲೂ ಉಳಿದಿರುತ್ತಿರಲಿಲ್ಲ.

ಇನ್ನು ವ್ಯಾಕರಣದ ಮಾತು. ಒಂದು ಗುಬುಟಿನ ನಡುವಿನಿಂದ ಪಕ್ಕದ ಗುಬುಟಿನ ನಡುವಿಗೆ 8 ಮಿಲಿಮೀಟರು. ಇಟ್ಟಿಗೆಯ ಎತ್ತರ 9.6 ಮಿಲಿಮೀಟರು. 1958ರ ಇಟ್ಟಿಗೆ ಇಂದು ಕೊಂಡ ಇಟ್ಟಿಗೆಯ ಮೇಲೆ ಕೂರುತ್ತದೆ; ಅಜ್ಜ ಆಡಿ ಬಿಟ್ಟಿದ್ದನ್ನು ಮೊಮ್ಮಗಳು ಎತ್ತಿಕೊಂಡು ಮುಂದುವರಿಸಬಹುದು. ಎಂಟು ಗುಬುಟುಗಳ ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು 24 ಬಗೆಯಲ್ಲಿ ಕೂಡಿಸಬಹುದು. ಅಂತಹ ಆರನ್ನು ಎಷ್ಟು ಬಗೆಯಲ್ಲಿ ಕೂಡಿಸಬಹುದು? ಸಂಸ್ಥೆಯವರು ಬಹುಕಾಲ 10 ಕೋಟಿಯ ಮೇಲೆ ಒಂದಿಷ್ಟು ಎಂದು ಹೇಳಿಕೊಂಡು ಬಂದಿದ್ದರು. ಒಂದರ ಮೇಲೊಂದಾಗಿ ನೆಟ್ಟಗೆ ಪೇರಿಸಿದ ರೂಪಗಳನ್ನು ಮಾತ್ರ ಹಿಡಿದ ಲೆಕ್ಕ ಅದು. ಡೇನಿಷ್ ಗಣಿತಜ್ಞ ಸೊರೆನ್ ಐಲರ್ಸ್ ಮೊದಲಾದವರು ಗಣಕಯಂತ್ರದ ನೆರವಿನಿಂದ ಪೂರ್ತಿ ಎಣಿಸಿದಾಗ ಆ ಸಂಖ್ಯೆ 91,51,03,765 ಎಂದು ತಿಳಿದುಬಂತು. ಐವತ್ತು ಚಿಲ್ಲರೆ ಅಕ್ಷರಗಳಿಂದ ಪಂಪನೂ ಕುಮಾರವ್ಯಾಸನೂ ಹುಟ್ಟಿದ್ದನ್ನು ಕಂಡ ಕನ್ನಡಿಗರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಅಕ್ಷರಗಳು ಕಡಮೆ, ಕೂಡುವ ನಿಯಮ ಕಟ್ಟುನಿಟ್ಟು. ಅದರಿಂದಲೇ ಹುಟ್ಟುವ ಮಾತು ಅಪಾರ.

ಈ ಕಟ್ಟುನಿಟ್ಟನ್ನು ಮೊದಲು ಮೀರಿದವನು ಅದನ್ನು ನಿರ್ಮಿಸಿದ ಗೋಟ್‌ಫ್ರೆಡನೇ ಎಂಬುದು ಸ್ವಾರಸ್ಯವಾದ ಸಂಗತಿ. ತನ್ನ ಮನೆಯ ನಕಾಶೆಯನ್ನು ಇಟ್ಟಿಗೆಗಳಿಂದಲೇ ಮಾಡಿ ನೋಡಬಯಸಿದಾಗ, ಅಗಲಕ್ಕಿಂತ ಎತ್ತರ ಹೆಚ್ಚಾದ ಅಳತೆ ವಾಸ್ತುಶಿಲ್ಪಿಗಳ ಲೆಕ್ಕಕ್ಕೆ ಹೊಂದದೆ ಹೋಯಿತು. 1963ರಲ್ಲಿ ‘ಮಾಡ್ಯುಲೆಕ್ಸ್’ ಎಂಬ ಹೆಸರಿನಲ್ಲಿ 5 ಮಿಲಿಮೀಟರಿನ ಅಳತೆಯ ಸಣ್ಣ ಇಟ್ಟಿಗೆಗಳು ಬಂದವು. ಉದ್ದ, ಅಗಲ, ಎತ್ತರ ಮೂರೂ ಸಮ, ಬಣ್ಣಗಳು ಗಂಭೀರ. ಆದರೆ ಮಕ್ಕಳ ಇಟ್ಟಿಗೆಯೊಡನೆ ಅವು ಕೂಡುತ್ತಿರಲಿಲ್ಲ. ವಾಸ್ತುಶಿಲ್ಪಿಗಳ ಲೋಕವನ್ನು ಅವು ಗೆಲ್ಲಲಿಲ್ಲ. ಮಾಡ್ಯುಲೆಕ್ಸ್ ಬೇರೆಯೇ ಒಂದು ಸಂಸ್ಥೆಯಾಗಿ ಕೊನೆಗೆ ಕಟ್ಟಡಗಳ ನಾಮಫಲಕಗಳನ್ನು ಮಾಡುವ ಉದ್ಯೋಗದಲ್ಲಿ ನೆಲೆ ಕಂಡುಕೊಂಡಿತು. ಈ ಸೋಲಿನಿಂದ ಯಾರಿಗೂ ದೊಡ್ಡ ಕೇಡಾಗಲಿಲ್ಲ. ಮೂಲದ ಇಟ್ಟಿಗೆಯನ್ನು ಅಲುಗಿಸದೆ ಪಕ್ಕದಲ್ಲಿ ಸಣ್ಣದೊಂದು ಮಡಿ ಮಾಡಿ ಬೀಜ ಹಾಕಿ ನೋಡಿದಂತಾಯಿತು, ಅಷ್ಟೇ.

ಕೇಡು ಬಂದದ್ದು ಮೂವತ್ತೈದು ವರ್ಷಗಳ ನಂತರ. ಇಟ್ಟಿಗೆಯ ಹಕ್ಕುಪತ್ರಗಳ ಅವಧಿ ತೀರಿತ್ತು. ಇತರರೂ ಅದೇ ಅಳತೆಯ ಇಟ್ಟಿಗೆಗಳನ್ನು ಅಗ್ಗದ ಬೆಲೆಗೆ ಮಾರುತ್ತಿದ್ದರು. ಮಕ್ಕಳ ಕಣ್ಣು ದೂರದರ್ಶನದ ಕಡೆಗೆ, ವಿಡಿಯೊ ಆಟಗಳ ಕಡೆಗೆ ತಿರುಗಿತ್ತು. 1998ರಲ್ಲಿ ಸಂಸ್ಥೆ ನಷ್ಟದ ಮುಖ ಕಂಡಿತು. ಇಟ್ಟಿಗೆಯ ಕಾಲ ಮುಗಿಯಿತೆಂಬ ಭಯ ಆಳುವವರ ಮನಸ್ಸನ್ನು ಹೊಕ್ಕಿತು. ಆ ಭಯದಲ್ಲಿ ಹುಟ್ಟಿದ ಸರಕುಗಳ ಪಟ್ಟಿಯನ್ನು ನೋಡಿದರೆ ನಗುವೂ ಮರುಕವೂ ಒಟ್ಟಿಗೆ ಬರುತ್ತವೆ.

1998ರಲ್ಲಿ ‘ಜ್ನ್ಯಾಪ್’ ಬಂತು. ಬಾಗುವ ಕಡ್ಡಿಗಳನ್ನು ಒಂದಕ್ಕೊಂದು ಸಿಕ್ಕಿಸಿ ಸೇತುವೆ, ಗೋಪುರ ಕಟ್ಟುವ ಆಟ ಅದು. ಗುಬುಟಿನ ಇಟ್ಟಿಗೆಯೊಡನೆ ಅದಕ್ಕೆ ಹೆಚ್ಚಿನ ನಂಟಿರಲಿಲ್ಲ. ಮಾರುಕಟ್ಟೆಯಲ್ಲಿ ಎರಡು ವರ್ಷವೂ ನಿಲ್ಲಲಿಲ್ಲ. 2001ರಲ್ಲಿ ‘ಜ್ಯಾಕ್ ಸ್ಟೋನ್’ ಎಂಬ ಸಾಹಸಿಯ ಸರಣಿ ಬಂತು. ಮೊದಲೇ ಜೋಡಿಸಿಟ್ಟ ದೊಡ್ಡ ಬೊಂಬೆ, ದೊಡ್ಡ ದೊಡ್ಡ ಭಾಗಗಳ ಬಂಡಿ; ಮಗು ಕಟ್ಟಲು ಉಳಿದದ್ದು ಅತ್ಯಲ್ಪ. 1969ರಿಂದ ಎಳೆಯ ಮಕ್ಕಳಿಗೆ ಪ್ರಿಯವಾಗಿದ್ದ ‘ಡುಪ್ಲೊ’ ಎಂಬ ದೊಡ್ಡ ಇಟ್ಟಿಗೆಗಳ ಹೆಸರನ್ನು ತೆಗೆದು ‘ಎಕ್ಸ್‌ಪ್ಲೋರ್’ ಎಂಬ ಹೊಸ ಹೆಸರಿನಡಿಯಲ್ಲಿ ಮಾರಿದರು. ತಾಯಿತಂದೆಯರು ಅಂಗಡಿಗೆ ಹೋಗಿ ತಮಗೆ ಗೊತ್ತಿದ್ದ ಹೆಸರನ್ನು ಕಾಣದೆ ಗೊಂದಲಕ್ಕೊಳಗಾದರು; 2004ರಲ್ಲಿ ಹಳೆಯ ಹೆಸರನ್ನೇ ಮರಳಿ ಕರೆತರಬೇಕಾಯಿತು. ಹುಟ್ಟಿದ ಮಗುವಿಗೆ ಹೆಸರಿಡುವುದುಂಟು. ಮೂವತ್ತು ದಾಟಿದ ಮಗನಿಗೆ ಎರಡನೆಯ ನಾಮಕರಣವೇ?

ಈ ಸಾಲಿನ ಕಿರೀಟಪ್ರಾಯವಾದ ಸೋಲು ‘ಗ್ಯಾಲಿಡಾರ್’. 2002ರಲ್ಲಿ ಇದೇ ಹೆಸರಿನ ದೂರದರ್ಶನ ಧಾರಾವಾಹಿಯೊಂದು ಅಮೆರಿಕೆಯಲ್ಲಿ ಪ್ರಸಾರವಾಯಿತು. ಅದರ ಪಾತ್ರಗಳ ಬೊಂಬೆಗಳನ್ನು ಲೆಗೊ ಮಾರಿತು. ಬೊಂಬೆಯ ಕೈಕಾಲುಗಳನ್ನು ಕಿತ್ತು ಇನ್ನೊಂದಕ್ಕೆ ಸಿಕ್ಕಿಸಬಹುದಿತ್ತು. ಅದರಾಚೆಗೆ ಕಟ್ಟುವುದು ಏನೂ ಇರಲಿಲ್ಲ. ಬೇರೆಯವರು ದೂರದರ್ಶನದ ವೀರರ ಬೊಂಬೆಗಳಿಂದ ಹಣ ಮಾಡುತ್ತಿದ್ದುದನ್ನು ಕಂಡು ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿಕೊಂಡಂತಾಯಿತು. ಧಾರಾವಾಹಿ 26 ಕಂತುಗಳಿಗೆ ಮುಗಿಯಿತು. ಬೊಂಬೆಗಳೂ ಅದರ ಹಿಂದೆಯೇ ಹೋದವು. ಇವೆಲ್ಲದರ ಜೊತೆಗೆ ಇಂಗ್ಲೆಂಡು, ಅಮೆರಿಕ, ಜರ್ಮನಿಗಳಲ್ಲಿ ವಿಹಾರೋದ್ಯಾನಗಳನ್ನು ಕಟ್ಟಿ ನಡೆಸುವ ಹೊರೆ ಬೇರೆ. 1997ರಲ್ಲಿ ಸುಮಾರು 6,000 ಇದ್ದ ಬಿಡಿಭಾಗಗಳ ಬಗೆಗಳು 2004ರ ಹೊತ್ತಿಗೆ 14,000ವನ್ನು ಮೀರಿದ್ದವು. ಒಂದೊಂದು ಹೊಸ ಬಗೆಗೂ ಹೊಸ ಅಚ್ಚು. ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟು ನಿಖರವಾಗಿರಬೇಕಾದ ಅಚ್ಚಿನ ಬೆಲೆ ಸಣ್ಣದಲ್ಲ. ಪದಕೋಶ ಊದಿಕೊಂಡಿತು, ಮಾತು ಮಾತ್ರ ಬಡವಾಯಿತು.

2004ರಲ್ಲಿ ನಷ್ಟ ಸುಮಾರು 190 ಕೋಟಿ ಕ್ರೋನರ್. ಸಂಸ್ಥೆ ಮಾರಾಟವಾಗುತ್ತದೆಂಬ ವದಂತಿಯೂ ಹಬ್ಬಿತು. ಆ ವರ್ಷ ಆಡಳಿತದ ಸೂತ್ರವನ್ನು ಹಿಡಿದ ಯೋರ್ಗನ್ ವಿಗ್ ನುಡ್‌ಸ್ಟಾರ್ಪ್ ಆಗಿನ್ನೂ ಮೂವತ್ತೈದರ ಹರೆಯದವರು. ಮನೆತನದ ಹೊರಗಿನಿಂದ ಆ ಸ್ಥಾನಕ್ಕೆ ಬಂದವರಲ್ಲಿ ಮೊದಲಿಗರು. ಅವರು ಮಾಡಿದ ಕೆಲಸ ಹೇಳಲು ಸರಳ, ಮಾಡಲು ಕಠಿನ. ಬಿಡಿಭಾಗಗಳ ಬಗೆಗಳನ್ನು ಅರ್ಧಕ್ಕರ್ಧ ಇಳಿಸಿದರು. 2005ರಲ್ಲಿ ಉದ್ಯಾನಗಳನ್ನು ಮಾರಿದರು. ಹೊಸ ಸರಕು ಹೊರಡಿಸುವ ಮುನ್ನ ಇರುವ ಭಾಗಗಳಿಂದಲೇ ಆಗುತ್ತದೆಯೇ ಎಂದು ನೋಡುವ ಪದ್ಧತಿಯನ್ನು ತಂದರು.

ಇಲ್ಲಿ ನಮ್ಮ ಕೇಶಿರಾಜನ ನೆನಪು ನನಗೆ ಬಾರದೆ ಇರದು. ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಆ ವೈಯಾಕರಣ, ಕನ್ನಡ ಪದವನ್ನೂ ಸಂಸ್ಕೃತ ಪದವನ್ನೂ ಕಂಡಕಂಡಂತೆ ಬೆಸೆದು ಸಮಾಸ ಮಾಡುವುದನ್ನು ಅರಿಸಮಾಸವೆಂದು ಕರೆದು ನಿಷೇಧಿಸಿದ. ‘ಅರಿ’ ಎಂದರೆ ಶತ್ರು. ಎರಡು ಪದಗಳೂ ತಮ್ಮತಮ್ಮ ಮನೆಯಲ್ಲಿ ಒಳ್ಳೆಯವೇ. ಒಂದೇ ಸೂರಿನಡಿ ತಂದಾಗ ಹಗೆಗಳಾಗುತ್ತವೆ. ಗ್ಯಾಲಿಡಾರ್ ಲೆಗೊ ಭಾಷೆಯ ಅರಿಸಮಾಸ. ಬೇರೆ ಮನೆಯಲ್ಲಿ ಹುಟ್ಟಿದ್ದರೆ ಆ ಬೊಂಬೆ ಒಂದು ಸಾಧಾರಣ ಬೊಂಬೆಯಾಗಿ ಬದುಕಿಕೊಳ್ಳುತ್ತಿತ್ತೇನೋ. ಇಟ್ಟಿಗೆಯ ಮನೆಗೆ ಬಂದು ಎರಡೂ ಕಡೆಯ ಮಾನವನ್ನು ಕಳೆಯಿತು.

ಆದರೆ ಮೂಲಕ್ಕೆ ಮರಳಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ತೀರ್ಮಾನಕ್ಕೆ ಇಷ್ಟರಿಂದಲೇ ಬರುವುದು ಅವಸರವಾದೀತು. ಹಳಮೆಯ ಅಭಿಮಾನಿಗಳಿಗೆ ಆ ತೀರ್ಮಾನ ಬಲು ಹಿತ. ಸಂಗತಿಗಳು ಮಾತ್ರ ಅದನ್ನು ಪೂರ್ತಿಯಾಗಿ ಸಮರ್ಥಿಸುವುದಿಲ್ಲ. ಗ್ಯಾಲಿಡಾರ್ ಬಿದ್ದ ಕಾಲದಲ್ಲಿಯೇ, 2001ರಲ್ಲಿ, ‘ಬಯೋನಿಕಲ್’ ಎಂಬ ಸರಣಿಯೂ ಹೊರಬಂದಿತ್ತು. ಯಂತ್ರಾಕಾರದ ಯೋಧರು, ಮುಖವಾಡಗಳು, ಗುಂಡು ಕೀಲುಗಳು. ಗುಬುಟಿನ ಇಟ್ಟಿಗೆ ಅದರಲ್ಲಿ ಕಾಣಸಿಗುವುದೇ ಅಪರೂಪ. ಆದರೂ ಅದು 2010ರವರೆಗೆ ಬಾಳಿತು. ಸಂಸ್ಥೆ ಮುಳುಗುತ್ತಿದ್ದ ವರ್ಷಗಳಲ್ಲಿ ತೇಲಿಸಿದ ಸರಕುಗಳಲ್ಲಿ ಅದೂ ಒಂದು. 1998ರಲ್ಲಿ ಹುಟ್ಟಿದ ‘ಮೈಂಡ್‌ಸ್ಟಾರ್ಮ್ಸ್’ ಇಟ್ಟಿಗೆಯೊಳಗೆ ಗಣಕವನ್ನಿಟ್ಟು ಮಕ್ಕಳು ತಾವೇ ಯಂತ್ರಮಾನವನನ್ನು ನಡೆಸುವಂತೆ ಮಾಡಿತು. ಕೆಲವೇ ವಾರಗಳಲ್ಲಿ ಹವ್ಯಾಸಿಗಳು ಅದರ ಒಳಗುಟ್ಟನ್ನು ಬಿಡಿಸಿ ತಮ್ಮದೇ ಆಜ್ಞೆಗಳನ್ನು ಬರೆಯತೊಡಗಿದರು. ನ್ಯಾಯಾಲಯದ ಮೆಟ್ಟಿಲು ಹತ್ತುವುದರ ಬದಲು ಸಂಸ್ಥೆ ಅವರಿಗೆ ಅನುವು ಮಾಡಿಕೊಟ್ಟಿತು.

ಹಾಗಾದರೆ ಗ್ಯಾಲಿಡಾರಿಗೂ ಬಯೋನಿಕಲ್ಲಿಗೂ ಭೇದವೆಲ್ಲಿದೆ? ಭೇದ ಗುಬುಟಿನಲ್ಲಿಲ್ಲ ಎಂದು ನನಗೆ ತೋರುತ್ತದೆ. ಬಯೋನಿಕಲ್ಲಿನ ಯೋಧನನ್ನು ಮಗು ತುಂಡುತುಂಡಾಗಿ ಬಿಚ್ಚಿ, ಇಬ್ಬರು ಯೋಧರ ಅವಯವಗಳಿಂದ ಡೆನ್ಮಾರ್ಕಿನ ಯಾವ ಶಿಲ್ಪಿಯೂ ಊಹಿಸದ ಮೂರನೆಯ ಪ್ರಾಣಿಯನ್ನು ಕಟ್ಟಬಹುದಿತ್ತು. ಕಟ್ಟು, ಬಿಚ್ಚು, ಮತ್ತೆ ಕಟ್ಟು ಎಂಬುದೇ ಈ ಭಾಷೆಯ ಮೂಲಧಾತು. ಗುಬುಟು ಅದರ ಒಂದು ರೂಪ ಮಾತ್ರ. ಕೇಶಿರಾಜನೂ ಅರಿಸಮಾಸವನ್ನು ನಿಷೇಧಿಸಿದ ಮೇಲೆ ಹಿಂದಿನ ಕವಿಗಳ ಪ್ರಯೋಗಕ್ಕೂ ಬಿರುದಾವಳಿಗಳಿಗೂ ವಿನಾಯಿತಿ ಕೊಟ್ಟ. ಇಂದು ‘ಮಂಗಳಾರತಿ’ ಎನ್ನುವ ಯಾರೂ ತಾವು ವ್ಯಾಕರಣವನ್ನು ಮುರಿಯುತ್ತಿದ್ದೇವೆಂದು ಭಾವಿಸುವುದಿಲ್ಲ. ಆಡುವವರ ನಾಲಗೆಗೆ ಒಗ್ಗಿದ್ದು ಉಳಿಯುತ್ತದೆ. ವೈಯಾಕರಣನ ಜಾಣತನವಿರುವುದು ಯಾವ ನಿಯಮ ಭಾಷೆಯ ಪ್ರಾಣ, ಯಾವುದು ಅದರ ಉಡುಪು ಎಂದು ತಿಳಿಯುವುದರಲ್ಲಿ.

ಹೆಣ್ಣುಮಕ್ಕಳಿಗೆಂದು ಮಾಡಿದ ಪ್ರಯೋಗಗಳಲ್ಲಿ ಈ ವಿವೇಕದ ಅಭಾವ ಸ್ಪಷ್ಟವಾಗಿ ಕಾಣುತ್ತದೆ. 1979ರಲ್ಲಿ ‘ಸ್ಕಾಲಾ’ ಎಂಬ ಹೆಸರಿನಲ್ಲಿ ಸರ, ಬಳೆಗಳ ಸಾಮಗ್ರಿ ಬಂತು, ಬಹುಬೇಗ ಮರೆಯಾಯಿತು. 2003ರಲ್ಲಿ ‘ಕ್ಲಿಕಿಟ್ಸ್’ ಎಂಬ ಹೆಸರಿನಲ್ಲಿ ಮತ್ತೆ ಒಡವೆಗಳೇ ಬಂದವು. 2006ರ ಹೊತ್ತಿಗೆ ಅವೂ ನಿಂತವು. ಹುಡುಗಿ ಎಂದೊಡನೆ ಒಡವೆಯೊಂದೇ ನೆನಪಿಗೆ ಬರುವವರಿಗೆ ಹುಡುಗಿಯೂ ಮನೆ ಕಟ್ಟಬಯಸುತ್ತಾಳೆಂಬುದು ತಿಳಿಯಲು ಬಹಳ ಕಾಲ ಹಿಡಿಯಿತು. 2012ರಲ್ಲಿ ಬಂದ ‘ಫ್ರೆಂಡ್ಸ್’ ಸರಣಿ ಅವರ ಕೈಗೆ ನಿಜವಾದ ಇಟ್ಟಿಗೆಗಳನ್ನು ಕೊಟ್ಟಿತು. ಅದರ ಬಣ್ಣಗಳೂ ಬೊಂಬೆಗಳೂ ಹಳೆಯ ಕಟ್ಟುಪಾಡಿನಲ್ಲಿಯೇ ಇವೆಯೆಂದು ಟೀಕೆಗಳು ಬಂದವು, ಆ ಟೀಕೆಗಳಲ್ಲಿ ಹುರುಳೂ ಇತ್ತು. ಆದರೂ ಆ ಸರಣಿ ಗೆದ್ದು ಇಂದಿಗೂ ನಿಂತಿದೆ.

ಗಣಕದ ಲೋಕಕ್ಕೆ ಇಟ್ಟಿಗೆಯನ್ನು ಒಯ್ದ ಪ್ರಯೋಗಗಳ ಕಥೆಯೂ ಬೋಧಪ್ರದವಾದುದೇ. 2010ರ ಅಕ್ಟೋಬರಿನಲ್ಲಿ ‘ಲೆಗೊ ಯೂನಿವರ್ಸ್’ ಎಂಬ ಅಂತರಜಾಲದ ಆಟ ತೆರೆಯಿತು; 2012ರ ಜನವರಿ 30ರಂದು ಮುಚ್ಚಿತು. ಅದೇ ಕಾಲದಲ್ಲಿ ನೆರೆಯ ಸ್ವೀಡನ್ನಿನಲ್ಲಿ ಮಾರ್ಕಸ್ ಪೆರ್ಸನ್ ಎಂಬ ತರುಣ ರೂಪಿಸಿದ ‘ಮೈನ್‌ಕ್ರಾಫ್ಟ್’ ಎಂಬ ಆಟ ಜಗತ್ತನ್ನೇ ಗೆದ್ದಿತು. ಅದರಲ್ಲಿ ಇದ್ದದ್ದೇನು? ಚೌಕ ಚೌಕವಾದ ಗಡ್ಡೆಗಳು. ಮನಸ್ಸು ಬಂದಂತೆ ಕಟ್ಟುವ, ಕೆಡವುವ ಸ್ವಾತಂತ್ರ್ಯ. ಇಟ್ಟಿಗೆಯ ತವರಿನವರು ಅಲಂಕಾರದಲ್ಲಿ ಮುಳುಗಿದ್ದಾಗ ಇಟ್ಟಿಗೆಯ ಧಾತುವನ್ನು ಪಕ್ಕದೂರಿನವನು ಎತ್ತಿಕೊಂಡು ಹೋದ. 2021ರಲ್ಲಿ ಸಂಗೀತ ಸಂಸ್ಥೆಯೊಂದರ ಜೊತೆ ಸೇರಿ ಹೊರತಂದ ‘ವಿಡಿಯೊ’ ಎಂಬ ಸರಣಿಯಲ್ಲಿ ಸಣ್ಣ ಬಿಲ್ಲೆಗಳನ್ನು ಫೋನಿನ ಕ್ಯಾಮರಾಕ್ಕೆ ತೋರಿಸಿ ಹಾಡಿನ ಚಿತ್ರ ತಯಾರಿಸಬೇಕಿತ್ತು. ಕಟ್ಟುವ ಕೆಲಸ ನೆಪಕ್ಕಷ್ಟೇ ಉಳಿದ ಆ ಸರಣಿ ಒಂದು ವರ್ಷ ತುಂಬುವಷ್ಟರಲ್ಲಿ ಮುಗಿಯಿತು. ಪಾಠವನ್ನು ಕಲಿತವರು ಅದನ್ನು ಮರೆಯುವುದೂ ಉಂಟು ಎಂಬುದಕ್ಕೆ ಇದೊಂದು ನಿದರ್ಶನ.

ಈ ಸೋಲುಗಳ ಬೆಲೆಯನ್ನು ತೆತ್ತವರು ಯಾರು ಎಂಬ ಪ್ರಶ್ನೆಯನ್ನೂ ನಾವು ಮರೆಯಬಾರದು. ಖರ್ಚು ತಗ್ಗಿಸುವ ಸಲುವಾಗಿ 2006ರಲ್ಲಿ ಸಂಸ್ಥೆ ತನ್ನ ತಯಾರಿಕೆಯ ಬಹುಭಾಗವನ್ನು ಹೊರಗಿನ ಗುತ್ತಿಗೆದಾರ ಕಂಪನಿಯೊಂದಕ್ಕೆ ಒಪ್ಪಿಸಲು ನಿಶ್ಚಯಿಸಿತು. ಡೆನ್ಮಾರ್ಕ್ ಮತ್ತು ಅಮೆರಿಕದ ನೂರಾರು ಕೆಲಸಗಾರರು ತಮ್ಮ ಜೀವನೋಪಾಯ ಕಳೆದುಕೊಳ್ಳುವ ಹಾಗಾಯಿತು. 2008ರಲ್ಲಿ ಆ ಏರ್ಪಾಡು ತನಗೆ ಒಗ್ಗದೆಂದು ಕಂಡುಕೊಂಡ ಸಂಸ್ಥೆ ಕಾರ್ಖಾನೆಗಳನ್ನು ಮರಳಿ ತನ್ನ ಕೈಗೆ ತೆಗೆದುಕೊಳ್ಳಲು ತೀರ್ಮಾನಿಸಿತು. ಅಂಕಿಅಂಶಗಳ ಪುಸ್ತಕದಲ್ಲಿ ಇದು ‘ತಿದ್ದುಪಡಿ’. ಯಂತ್ರದ ಮುಂದೆ ಇಪ್ಪತ್ತು ವರ್ಷ ನಿಂತಿದ್ದವನಿಗೆ ಅದು ಬೇರೆಯೇ ಮಾತು. ಪ್ರಯೋಗ ಮಾಡುವ ಧೈರ್ಯವನ್ನು ಹೊಗಳುವಾಗ ಆ ಧೈರ್ಯದ ಬೆಲೆಯನ್ನು ಅವರಲ್ಲದೆ ಇತರರು ಸಲ್ಲಿಸಿದರು ಎಂಬುದನ್ನು ಕಾಣದಿದ್ದರೆ ನಮ್ಮ ವಿಮರ್ಶೆ ಪಕ್ಷಪಾತದ್ದಾಗುತ್ತದೆ.

ಈಗ 2023ರ ಹೇಳಿಕೆಗೆ ಬರೋಣ. ಮೇಲಿನ ಸೋಲುಗಳಿಗಿಂತ ಅದು ಜಾತಿಯಲ್ಲಿಯೇ ಬೇರೆ. ಇಲ್ಲಿ ಪ್ರಶ್ನೆ ವ್ಯಾಕರಣದ್ದಲ್ಲ, ಅಕ್ಷರ ಬರೆಯುವ ಮಸಿಯದ್ದು. ಲೆಗೊ ಇಟ್ಟಿಗೆಯ ಎ.ಬಿ.ಎಸ್. ಪ್ಲಾಸ್ಟಿಕ್ಕು ಕಲ್ಲೆಣ್ಣೆಯಿಂದ ಹುಟ್ಟಿದ್ದು. ತಲೆಮಾರುಗಳ ಕಾಲ ಸವೆಯದೆ ಉಳಿಯುವುದೇ ಅದರ ಗುಣ. ಭೂಮಿಯ ದೃಷ್ಟಿಯಿಂದ ಅದೇ ಅದರ ದೋಷ. 1997ರ ಫೆಬ್ರವರಿ 13ರಂದು ‘ಟೋಕಿಯೋ ಎಕ್ಸ್‌ಪ್ರೆಸ್’ ಎಂಬ ಹಡಗು ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಾಚೆ ದೊಡ್ಡ ಅಲೆಗೆ ಸಿಕ್ಕಿ ಅದರ ಪೆಟ್ಟಿಗೆಗಳು ಸಮುದ್ರ ಸೇರಿದವು. ಅವುಗಳಲ್ಲೊಂದರಲ್ಲಿ ಸುಮಾರು 48 ಲಕ್ಷ ಲೆಗೊ ತುಣುಕುಗಳಿದ್ದವು. ವಿಧಿಯ ವಿನೋದವೋ ಎಂಬಂತೆ ಅವುಗಳಲ್ಲಿ ಬಹಳಷ್ಟು ಕಡಲಿನ ಆಟಕ್ಕೆ ಸೇರಿದವು: ಅಷ್ಟಪದಿ, ಕಡಲಹುಲ್ಲು, ಮುಳುಗುಗಾರನ ಈಜುರೆಕ್ಕೆ. ಕಾಲು ಶತಮಾನ ಕಳೆದ ಮೇಲೂ ಅವು ಒಂದೊಂದಾಗಿ ದಡಕ್ಕೆ ಬರುತ್ತಿವೆ. ದಡದಲ್ಲಿ ಸಿಕ್ಕ ಹಳೆಯ ಇಟ್ಟಿಗೆಗಳನ್ನು ತೂಗಿ ನೋಡಿದ ಪ್ಲಿಮತ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು, ಒಂದು ಇಟ್ಟಿಗೆ ಸಮುದ್ರದಲ್ಲಿ 100ರಿಂದ 1,300 ವರ್ಷಗಳವರೆಗೆ ಉಳಿಯಬಹುದೆಂದು 2020ರಲ್ಲಿ ಅಂದಾಜು ಮಾಡಿದರು.

ಈ ಹೊರೆಯನ್ನು ಇಳಿಸಿಕೊಳ್ಳಲು ಸಂಸ್ಥೆ 2015ರಲ್ಲಿ 100 ಕೋಟಿ ಕ್ರೋನರ್ ತೆಗೆದಿರಿಸಿ ಪರ್ಯಾಯ ವಸ್ತುಗಳ ಶೋಧ ಕೈಗೊಂಡಿತು. 2018ರಲ್ಲಿ ಗಿಡ, ಎಲೆ ಮೊದಲಾದ ಮೆತ್ತಗಿನ ತುಣುಕುಗಳನ್ನು ಕಬ್ಬಿನಿಂದ ಪಡೆದ ಪ್ಲಾಸ್ಟಿಕ್ಕಿನಿಂದ ಮಾಡಲಾರಂಭಿಸಿದರು. ಅದು ನಿಂತಿತು. ಆದರೆ ಇಟ್ಟಿಗೆ ಗಿಡವಲ್ಲ. ಅದು ಹಿಡಿಯಬೇಕು, ಬಿಡಬೇಕು, ಸಾವಿರ ಸಲ ಹಿಡಿದುಬಿಟ್ಟ ಮೇಲೂ ಮತ್ತೆ ಹಿಡಿಯಬೇಕು. ಒಂದು ಲೀಟರಿನ ಬಾಟಲಿಯಿಂದ ಹತ್ತು ಇಟ್ಟಿಗೆಗಳಾಗುತ್ತವೆಂದು 2021ರಲ್ಲಿ ಲೆಕ್ಕ ಹೇಳಿದ್ದರು. ಬಾಟಲಿಯ ಪ್ಲಾಸ್ಟಿಕ್ಕಾದರೋ ಮೆದು. ಅದಕ್ಕೆ ಗಟ್ಟಿತನ ಬರಿಸಲು ಬೇರೆ ದ್ರವ್ಯಗಳನ್ನು ಬೆರೆಸಬೇಕು, ಹೊಸ ಯಂತ್ರಗಳನ್ನು ಹೂಡಬೇಕು, ಹೆಚ್ಚು ಶಕ್ತಿಯನ್ನು ವ್ಯಯಿಸಬೇಕು. ಎಲ್ಲವನ್ನೂ ಕೂಡಿಸಿ ನೋಡಿದಾಗ ವಾತಾವರಣಕ್ಕೆ ಸೇರುವ ಇಂಗಾಲದ ಹೊರೆ ಮೊದಲಿಗಿಂತ ಹೆಚ್ಚೇ ಆಗುತ್ತಿತ್ತು. ಹಸುರಿನ ಹೆಸರಿನಲ್ಲಿ ಹೊಗೆಯನ್ನು ಹೆಚ್ಚಿಸುವ ಸ್ಥಿತಿ!

ಇಲ್ಲಿಯೇ ನನಗೆ ಈ ಇಡೀ ಕಥೆಯ ಮರ್ಮ ಕಾಣುವುದು. ಆ ಇಟ್ಟಿಗೆಯನ್ನು ಮಾರಬಹುದಿತ್ತು. ಬಾಟಲಿಯಿಂದ ಮಾಡಿದ್ದು ಎಂಬ ಚೀಟಿ ಅಂಟಿಸಿದ್ದರೆ ಕೊಳ್ಳುವವರು ಎರಡು ಕಾಸು ಹೆಚ್ಚೇ ಕೊಡುತ್ತಿದ್ದರು. ಒಳಗಿನ ಲೆಕ್ಕವನ್ನು ಕೇಳುವವರು ಎಷ್ಟು ಮಂದಿ? ಗ್ಯಾಲಿಡಾರನ್ನು ಮಕ್ಕಳು ತಿರಸ್ಕರಿಸಿದರು, ಸಂಸ್ಥೆ ನಿಲ್ಲಿಸಿತು. ಅದರಲ್ಲಿ ಹೆಚ್ಚಿನ ಗುಣವೇನೂ ಇಲ್ಲ. ಯಾರೂ ತಿರಸ್ಕರಿಸುವ ಮುನ್ನವೇ ತನ್ನ ಪ್ರಯೋಗವನ್ನು ತಾನೇ ತಿರಸ್ಕರಿಸುವುದು ಬೇರೆಯ ಮಾತು. ಈ ಒಂದು ಕೆಲಸದಿಂದ ಸಂಸ್ಥೆಯನ್ನು ಋಷಿಗಳ ಸಾಲಿಗೆ ಸೇರಿಸಬೇಕಾಗಿಲ್ಲ. 2024ರಲ್ಲಿ 7,430 ಕೋಟಿ ಕ್ರೋನರ್ ವಹಿವಾಟು ನಡೆಸಿದ ಕಂಪನಿ ಈಗಲೂ ಕೋಟಿಗಟ್ಟಲೆ ಪ್ಲಾಸ್ಟಿಕ್ ತುಣುಕುಗಳನ್ನು ಲೋಕಕ್ಕೆ ಸೇರಿಸುತ್ತಲೇ ಇದೆ. ಸಸ್ಯಮೂಲದ ಎಣ್ಣೆಗಳಿಂದ ಬಂದ ಕಚ್ಚಾವಸ್ತುವಿಗೆ ಹೆಚ್ಚಿನ ಬೆಲೆ ತೆತ್ತು, ಹಳೆಯ ಪ್ಲಾಸ್ಟಿಕ್ಕಿನ ಗುಣವನ್ನೇ ಉಳಿಸಿಕೊಳ್ಳುವ ದಾರಿಯನ್ನು ಅದು ಈಗ ಹಿಡಿದಿದೆ. ಅದರ ಲೆಕ್ಕವನ್ನೂ ಇಷ್ಟೇ ನಿಷ್ಠುರವಾಗಿ ಲೋಕದ ಮುಂದೆ ಇಡುತ್ತದೆಯೇ ಎಂಬುದನ್ನು ಕಾದು ನೋಡಬೇಕು.

2026ರ ಜನವರಿಯಲ್ಲಿ ಇದೇ ಸಂಸ್ಥೆ ಇನ್ನೊಂದು ಹೊಸತನ್ನು ಸಾರಿತು: ಎಂಟು ಗುಬುಟುಗಳ ಸಾಧಾರಣ ಇಟ್ಟಿಗೆಯ ಒಡಲಿನಲ್ಲಿ ಸಣ್ಣ ಗಣಕವನ್ನಿಟ್ಟು, ಆಟಕ್ಕೆ ತಕ್ಕಂತೆ ಬೆಳಕನ್ನೂ ಸದ್ದನ್ನೂ ಹೊರಡಿಸುವ ‘ಜಾಣ ಇಟ್ಟಿಗೆ’. ಬಂಡಿಯ ಸದ್ದನ್ನು ಮಗು ತನ್ನ ಬಾಯಿಂದಲೇ ಹೊರಡಿಸಬೇಕು, ಇಟ್ಟಿಗೆ ಅದನ್ನು ಕಸಿಯಬಾರದೆಂದು ಕೆಲವರು ಆಕ್ಷೇಪಿಸಿದರು. ಆ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಗುಬುಟುಗಳು ಅವೇ, ಅಳತೆ ಅದೇ. ಅಜ್ಜನ ಇಟ್ಟಿಗೆಯ ಮೇಲೆ ಅದೂ ಕೂರುತ್ತದೆ. ಅದು ಮಂಗಳಾರತಿಯಾಗುತ್ತದೆಯೋ ಅರಿಸಮಾಸವಾಗುತ್ತದೆಯೋ ಎಂಬುದನ್ನು ವೈಯಾಕರಣರು ನಿರ್ಣಯಿಸುವಂತಿಲ್ಲ. ಮಕ್ಕಳು ಅದರ ಪೆಟ್ಟಿಗೆಯ ಮೇಲಿನ ಚಿತ್ರದಂತೆ ಒಮ್ಮೆ ಕಟ್ಟಿ ಮೂಲೆಗೆ ಇಡುತ್ತಾರೋ, ಬಿಚ್ಚಿ ಚಿತ್ರದಲ್ಲಿ ಇಲ್ಲದ್ದನ್ನು ಕಟ್ಟುತ್ತಾರೋ, ನೋಡೋಣ.